ಎಡಿಎಚ್‌ಡಿ ಮಾತ್ರೆಯ ಡೋಸ್ ಹೊಂದಿಸೋದು: ದಾವಣಗೆರೆ, ದುರ್ಗದ ಕಡೆ ಖಾಸಗಿಯಲ್ಲಿ ತೋರಿಸ್ತಿರೋರು ದಯವಿಟ್ಟು ಹೇಳಿ

ವಿದ್ಯಾನಗರದ ಅಮ್ಮ, ದಾವಣಗೆರೆ
ಭಾನುವಾರ, ರಾತ್ರಿ 9.40

ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸ್, ತೂಕ 26 ಕೆ.ಜಿ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸೋ ತೊಂದರೆ) ಅಂತ ಗೊತ್ತಾದ ಮೇಲೆ ಊರಲ್ಲೇ ಒಬ್ಬ ಖಾಸಗಿ ಮನೋವೈದ್ಯರ ಹತ್ತಿರ ಮಿಥೈಲ್‌ಫೆನಿಡೇಟ್ ಶುರು ಮಾಡಿದ್ದೇವೆ. ಮೊದಲು ಬೆಳಿಗ್ಗೆ 5 ಮಿ.ಗ್ರಾಂ ಇತ್ತು, ಈಗ 10. ಸಾದಾ ಮಾತ್ರೆ. ಎಂಟಕ್ಕೆ ಕೊಡ್ತೀನಿ, ಎಂಟೂ ಮುಕ್ಕಾಲಿಗೆ ಸ್ಕೂಲ್ ವ್ಯಾನ್ ಬರುತ್ತೆ.

ಗುಣ ಕಾಣ್ತಿಲ್ಲ ಅಂತ ಹೇಳಲ್ಲ. ಅವನ ರಫ್ ನೋಟ್‌ಬುಕ್ಕಲ್ಲಿ ಮೊದಲ ಮೂರು ಪೀರಿಯಡ್ ನೋಡಿದ್ರೆ ಕಣ್ಣು ತುಂಬಿ ಬರುತ್ತೆ. ಅಕ್ಷರ ಗೆರೆ ಬಿಟ್ಟು ಹೋಗಿಲ್ಲ, ವಾಕ್ಯ ಪೂರ್ತಿ ಆಗಿದೆ. ಅದೇ ದಿನದ ಮಧ್ಯಾಹ್ನದ ಸಮಾಜ ಪೀರಿಯಡ್ ತೆಗೆದ್ರೆ ಎರಡು ಸಾಲು, ಪಕ್ಕದಲ್ಲಿ ಬಸ್ಸಿನ ಚಿತ್ರ, ಟೈರಿನ ಸಮೇತ. ಊಟದ ಡಬ್ಬಿ ಹಾಗೇ ವಾಪಸ್ ಬರುತ್ತೆ. ಸಂಜೆ ನಾಲ್ಕೂವರೆಗೆ ಮನೆಗೆ ಬಂದವನು ಶೂ ಲೇಸ್ ಬಿಚ್ಚಲಿಲ್ಲ ಅಂತ ಬ್ಯಾಗ್ ಎಸೆದು ಬಿಕ್ಕಿ ಬಿಕ್ಕಿ ಅಳ್ತಾನೆ.

ಮನೆಯಲ್ಲಿ ಒಮ್ಮತ ಇಲ್ಲ. ಅತ್ತೆ "ಡೋಸ್ ಜಾಸ್ತಿ ಆಗಿದೆ, ಅದಕ್ಕೇ ಮಗು ಸಂಜೆ ಹಾಗಾಡ್ತದೆ, ಅರ್ಧ ಮಾಡು" ಅಂತಾರೆ. ಯಜಮಾನರು "ಮಧ್ಯಾಹ್ನ ಮತ್ತೆ ಮೊದಲಿನ ಹಾಗೇ ಆಗ್ತಾನೆ ಅಂದ್ರೆ ಸಾಲ್ತಿಲ್ಲ, ಜಾಸ್ತಿ ಮಾಡಿಸೋಣ" ಅಂತಾರೆ. ಡಾಕ್ಟ್ರು ಹೋದ ಸಲ ನಿಧಾನವಾಗಿ ಬಿಡೋ ಮಾತ್ರೆ 18 ಅಂತ ಬರೆದುಕೊಟ್ಟರು. ಹೊರಗೆ ಜನ ತುಂಬಿದ್ರು, ಯಾಕೆ ಅಂತ ವಿವರವಾಗಿ ಕೇಳೋಕೆ ಆಗ್ಲಿಲ್ಲ. ಮನೆ ಹತ್ತಿರದ ಮೆಡಿಕಲ್‌ಗಳಲ್ಲಿ ಆ ಮಾತ್ರೆಯೂ ಸಿಗ್ಲಿಲ್ಲ. ಸದ್ಯಕ್ಕೆ ಹಳೆಯದೇ ನಡೀತಿದೆ. 10 ಇದ್ದದ್ದು 18 ಆಗುತ್ತೆ ಅಂತ ಕೇಳಿ ಅತ್ತೆಗೆ ಗಾಬರಿ.

ಮುಂದಿನ ಸಲ ಏನು ಕೇಳಬೇಕು? ಆ ಮಾತ್ರೆ ಎಲ್ಲಿ ಸಿಗುತ್ತೆ?

ಹರಿಹರದ ಅಪ್ಪ
ಭಾನುವಾರ, ರಾತ್ರಿ 10.05

ಮೇಡಂ, ನಮ್ಮ ಹುಡುಗಂದೂ ಹಿಂಗೇ ಇತ್ರಿ. ಮಧ್ಯಾಹ್ನ 12ಕ್ಕೆ ಇನ್ನೊಂದು ಸಾದಾ ಮಾತ್ರೆ ಕೊಡ್ರಿ ಅಂತ ಡಾಕ್ಟ್ರು ಹೇಳಿದ್ರು. ಸ್ಕೂಲಿನೋರು ನಾವು ಮಾತ್ರೆ ಕೊಡಂಗಿಲ್ಲ ಅಂದ್ರು. ಅವರದ್ದೂ ತಪ್ಪು ಅನ್ನಕ್ಕಾಗಲ್ಲ, ನಾಳೆ ಏನರ ಆದ್ರೆ ಯಾರು ಹೊಣೆ. ಹುಡುಗನ ಕೈಯಾಗ ಕೊಟ್ಟು ಕಳಿಸೋ ಮಾತ್ರೆ ಇದಲ್ಲ. ಕಡೀಗೆ ಉದ್ದ ಹೊತ್ತು ಬರೋ ಮಾತ್ರೆಗೆ ಬದಲಿಸಿದ್ರು, ಈಗ ಬೆಳಗ್ಗೆ ಒಂದೇ ಸಲ. ನಿಮ್ಮ ಡಾಕ್ಟ್ರು ಬರೆದಿದ್ದೂ ಅದಕ್ಕೇ ಇರಬೇಕು ನೋಡ್ರಿ.

ಹದಡಿ ರಸ್ತೆ ಅಕ್ಕ, ದಾವಣಗೆರೆ
ಸೋಮವಾರ, ಬೆಳಿಗ್ಗೆ 6.20

ತಂಗಿ, ನನ್ನ ಮಗಳು ಎರಡನೇ ಕ್ಲಾಸಿಂದ ಈ ಔಷಧದ ಮೇಲಿದ್ದಾಳೆ, ಈಗ ಪಿಯುಸಿ. ನಾನು ಡಾಕ್ಟರ್ ಅಲ್ಲ. ಆದರೆ ಇಷ್ಟು ವರ್ಷದಲ್ಲಿ ಒಂದು ವಿಷಯ ಗಟ್ಟಿಯಾಗಿ ಗೊತ್ತಾಗಿದೆ: ಡೋಸ್ ಹೆಚ್ಚೋ ಕಡಿಮೆಯೋ ಅಂತ ವಾದ ಮಾಡೋಕೆ ಮೊದಲು ಯಾವ ಹೊತ್ತಿಗೆ ಏನಾಗ್ತಿದೆ ಅಂತ ನೋಡಬೇಕು. ನೀವು ಹೊತ್ತು ಬರೆದಿದ್ದೀರಿ, ಅದೇ ದೊಡ್ಡ ಉಪಕಾರ.

ಸಾದಾ ಮಿಥೈಲ್‌ಫೆನಿಡೇಟ್ ಮಾತ್ರೆ ಹೊಟ್ಟೆಗೆ ಬಿದ್ದು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತೆ. ಸುಮಾರು ಎರಡು ಗಂಟೆಗೆ ಏರುತ್ತೆ. ಮೂರು, ಹೆಚ್ಚೆಂದರೆ ನಾಲ್ಕು ಗಂಟೆಗೆ ಅದರ ಆಟ ಮುಗೀತು. ನಿಮ್ಮ ಹುಡುಗ ಎಂಟಕ್ಕೆ ನುಂಗ್ತಾನೆ, ಹನ್ನೆರಡರ ಹೊತ್ತಿಗೆ ಇಳಿದುಹೋಗಿರುತ್ತೆ. ಸಮಾಜ ಪೀರಿಯಡ್‌ನಲ್ಲಿ ಅವನು ಮಾತ್ರೆ ಇಲ್ಲದೆ ಕೂತಿದ್ದಾನೆ. ಬಸ್ಸಿನ ಚಿತ್ರ ಬರೆದದ್ದಕ್ಕೆ ಯಾರೂ ಬೈಬೇಡಿ.

ಅತ್ತೆಯವರ ಅನುಮಾನಕ್ಕೆ ಬರ್ತೀನಿ. ಡೋಸ್ ಜಾಸ್ತಿಯಾಗಿದ್ದರೆ ಅದು ಕಾಣಬೇಕಾದದ್ದು ಒಂಬತ್ತರಿಂದ ಹನ್ನೊಂದರ ನಡುವೆ, ಮಾತ್ರೆ ಏರಿರೋ ಹೊತ್ತಲ್ಲಿ. ಮಗು ಮಂಕಾಗಿರುತ್ತೆ, ಕರೆದರೆ ತಡವಾಗಿ ತಿರುಗುತ್ತೆ, ಗೆಳೆಯರ ಜೊತೆ ಮಾತಿಲ್ಲ, ಉಗುರು ಕಿತ್ತುಕೊಳ್ಳುತ್ತಾ ಕೂತಿರುತ್ತೆ. ಕೆಲವು ಟೀಚರ್‌ಗಳು ಇದನ್ನ ನೋಡಿ "ಈಗ ತುಂಬಾ ಒಳ್ಳೆಯವನಾಗಿದ್ದಾನೆ, ಸುಮ್ಮನೆ ಕೂತಿರ್ತಾನೆ" ಅಂತ ಖುಷಿಪಡ್ತಾರೆ. ಸುಮ್ಮನೆ ಕೂರಿಸೋಕೆ ನಾವು ಮಾತ್ರೆ ಕೊಡ್ತಿಲ್ಲ ತಂಗಿ. ಮಗು ನಗ್ತಾ, ಜಗಳ ಆಡ್ತಾ, ತನ್ನ ಕೆಲಸ ಮುಗಿಸ್ತಾ ಇರಬೇಕು. ಆ ಎರಡು ಗಂಟೆ ಅವನು ಹೇಗಿರ್ತಾನೆ ಅಂತ ಕ್ಲಾಸ್ ಟೀಚರ್‌ನ ಕೇಳಿ.

ಯಜಮಾನರು ಹೇಳೋ ಹಾಗೆ ಬೆಳಗಿನ 10ನ್ನ 15 ಮಾಡಿದರೆ ಏರಿಕೆ ಜೋರಾಗುತ್ತೆ, ಹೊತ್ತು ಅಷ್ಟೇನೂ ಉದ್ದ ಆಗಲ್ಲ. ಮಧ್ಯಾಹ್ನ ಹಾಗೇ ಉಳಿಯುತ್ತೆ, ಬೆಳಿಗ್ಗೆ ಮಂಕು ಹಿಡಿಯುತ್ತೆ.

ಮಾತ್ರೆ ಇಳಿಯೋ ಹೊತ್ತಲ್ಲಿ ಕೆಲವು ಮಕ್ಕಳು ಅರ್ಧ ಮುಕ್ಕಾಲು ಗಂಟೆ ಮೊದಲಿಗಿಂತಲೂ ಜಾಸ್ತಿ ಸಿಡುಕ್ತಾರೆ, ಕಣ್ಣೀರು ಹಾಕ್ತಾರೆ. ಅದು ನಿಜ. ಆದರೆ ನಿಮ್ಮವನಿಗೆ ಹಾಗಾಗಬೇಕಾದದ್ದು ಹನ್ನೊಂದೂವರೆಯಿಂದ ಹನ್ನೆರಡೂವರೆ ಒಳಗೆ. ನಾಲ್ಕೂವರೆಗೆ ಮಾತ್ರೆಯ ಲೆಕ್ಕವೇ ಇಲ್ಲ. ಬೆಳಿಗ್ಗೆ ತಿಂದದ್ದು ಬಿಟ್ಟರೆ ಹೊಟ್ಟೆಯಲ್ಲಿ ಏನಿಲ್ಲ, ಮಧ್ಯಾಹ್ನ ಪೂರ್ತಿ ತನ್ನನ್ನ ತಾನೇ ಹಿಡಿದಿಟ್ಟುಕೊಂಡು ಕೂತು ಸುಸ್ತಾಗಿದ್ದಾನೆ. ಬಾಗಿಲಲ್ಲೇ ಬಾಳೆಹಣ್ಣು ಕೊಡಿ. ಶೂ ನೀವೇ ಬಿಚ್ಚಿ. ಹೋಂವರ್ಕ್ ಮಾತು ಆಮೇಲೆ.

ಇನ್ನು 18ರ ಸಂಖ್ಯೆ ನೋಡಿ ಹೆದರಬೇಡಿ. ಒಂದೇ ಸಲ ಹೊಟ್ಟೆಗೆ ಬಿಡೋ 10ಕ್ಕೂ ದಿನವಿಡೀ ಹಂಚಿ ಬಿಡೋ 18ಕ್ಕೂ ನೇರ ಹೋಲಿಕೆ ಇಲ್ಲ. ಹನ್ನೆರಡು ಗಂಟೆ ಹೊತ್ತು ಬರೋ ಬಗೆಯ 18 ಮಿ.ಗ್ರಾಂ ಮಾತ್ರೆಯನ್ನ ತಯಾರಕರ ಲೆಕ್ಕದಲ್ಲೇ ಸಾದಾ 5 ಮಿ.ಗ್ರಾಂ ಅನ್ನು ದಿನಕ್ಕೆ ಎರಡು ಮೂರು ಸಲ ತಗೊಳ್ಳೋರಿಗೆ ಬದಲಿಯಾಗಿ ಇಡ್ತಾರೆ. ಅದರ ಹೊರಪದರದಲ್ಲಿರೋ 22 ಶೇಕಡಾ ಔಷಧ ಮೊದಲು ಬಿಡುತ್ತೆ, ಉಳಿದದ್ದು ಒಳಗಿಂದ ನಿಧಾನಕ್ಕೆ ಬರುತ್ತೆ. ಅಂದರೆ ಬೆಳಗಿನ ಏರಿಕೆ ಈಗಿನದಕ್ಕಿಂತ ಮೆತ್ತಗೇ ಇರಬಹುದು. ಹಾಗಾಗಿ ಮೊದಲ ವಾರ "ಬೆಳಿಗ್ಗೆ ಮೊದಲಿನಷ್ಟು ಚೆನ್ನಾಗಿಲ್ಲ" ಅಂತ ಅನಿಸಿದರೆ ಅದನ್ನ ಬರೆದಿಟ್ಟು ಡಾಕ್ಟ್ರಿಗೆ ಹೇಳಿ. ಮುಂದಿನ ಮೆಟ್ಟಿಲು ಅವರು ನೋಡ್ತಾರೆ.

ಒಂದು ಎಚ್ಚರಿಕೆ. ನಿಧಾನವಾಗಿ ಬಿಡೋ ಮಾತ್ರೆಯನ್ನ ಮುರಿಯೋದು, ಪುಡಿ ಮಾಡೋದು, ಅಗಿಯೋದು ಕೂಡದು. ಮುರಿದರೆ ದಿನದ್ದೆಲ್ಲ ಒಮ್ಮೆಗೇ ಬಿಡಬಹುದು.

ಎಂಸಿಸಿ ಬಿ ಬ್ಲಾಕ್
ಸೋಮವಾರ, ಬೆಳಿಗ್ಗೆ 8.15

ಅಕ್ಕಾ, ಇದನ್ನೆಲ್ಲ ಡಾಕ್ಟ್ರ ಹತ್ರ ಹೇಳೋಕೆ ಐದು ನಿಮಿಷ ಸಿಗೋದೂ ಕಷ್ಟ. ನಾವು ಹೋಗೋ ಕಡೆ ಫೀಸು ಕೊಟ್ಟು ಟೋಕನ್ ಹಿಡಿದು ಎರಡು ಗಂಟೆ ಕಾದು ಒಳಗೆ ಹೋದ್ರೆ "ಹೇಗಿದ್ದಾನೆ? ಪರವಾಗಿಲ್ವಾ? ಅದೇ ಮುಂದುವರಿಸಿ." ಬಿಪಿ ಕೂಡ ನೋಡಲ್ಲ.

ಹದಡಿ ರಸ್ತೆ ಅಕ್ಕ, ದಾವಣಗೆರೆ
ಸೋಮವಾರ, ಬೆಳಿಗ್ಗೆ 11.30

ಅದಕ್ಕೇ ಒಂದು ಹಾಳೆ ಬರೆದುಕೊಂಡು ಹೋಗಬೇಕು. ಬಾಯಲ್ಲಿ ಹೇಳಿದರೆ "ಪರವಾಗಿಲ್ಲ" ಅನ್ನೋ ಒಂದೇ ಮಾತು ಬರುತ್ತೆ. ಕೈಯಲ್ಲಿ ಹಾಳೆ ಇಟ್ಟರೆ ಅವರೂ ಓದಲೇಬೇಕು. ನನ್ನ ಹಳೇ ಪುಸ್ತಕದ ಒಂದು ದಿನ ಹಾಕ್ತೀನಿ, ಮಗಳು ನಾಲ್ಕನೇ ಕ್ಲಾಸಲ್ಲಿದ್ದಾಗಿನದು:

"ಮಂಗಳವಾರ. 7.30 ಎರಡು ಇಡ್ಲಿ, ಹಾಲು. 8.00 ಮಾತ್ರೆ. 10.00 ಮಿಸ್ ಹೇಳಿದ್ದು, ಗಣಿತ ಮುಗಿಸಿದಳು, ಪಕ್ಕದವಳಿಗೆ ಹೇಳಿಕೊಟ್ಟಳು. 12.15 ನೀರಿನ ಸಾಲಲ್ಲಿ ತಳ್ಳಾಟ. 1.00 ಡಬ್ಬಿ ಅರ್ಧ, ಆಮೇಲೆ ಎರಡನೇ ಮಾತ್ರೆ. 5.30 ಎರಡು ಚಪಾತಿ, ಮೊಸರನ್ನ. ಹೊಟ್ಟೆನೋವು ಇಲ್ಲ. 9.50 ನಿದ್ದೆ."

ಒಂದು ವಾರದ್ದು ಸಾಕು. ಡಾಕ್ಟ್ರು ಕಣ್ಣಾಡಿಸಿ 12.15ರ ಸಾಲುಗಳಿಗೆ ಗೆರೆ ಎಳೆದರು. ಡೋಸ್ ಮುಟ್ಟಲೇ ಇಲ್ಲ, ಎರಡನೇ ಮಾತ್ರೆಯನ್ನ ಊಟದ ನಂತರದ ಬದಲು ಹನ್ನೊಂದೂ ಮುಕ್ಕಾಲಿಗೆ ತಂದರು. ತಳ್ಳಾಟ ನಿಂತಿತು. ನಮ್ಮ ಸ್ಕೂಲಿನವರು ಡಾಕ್ಟ್ರ ಪತ್ರ ತೋರಿಸಿದ ಮೇಲೆ ಆಫೀಸ್ ರೂಮಲ್ಲಿ ಮಾತ್ರೆ ಕೊಡೋಕೆ ಒಪ್ಪಿಕೊಂಡಿದ್ದರು, ಅದು ನಮ್ಮ ಪುಣ್ಯ.

ಬಿಪಿ, ನಾಡಿ ನೋಡದೆ ಡೋಸ್ ಬದಲಿಸೋದು ಸರಿಯಲ್ಲ. ಕೇಳಿ ನೋಡಿಸಿಕೊಳ್ಳಿ, ಸಂಕೋಚ ಬೇಡ. ಡೋಸ್ ಬದಲಿಸುವ ಮೊದಲು, ಬದಲಿಸಿದ ಮೇಲೆ, ಆಮೇಲೆ ಆರು ತಿಂಗಳಿಗೊಮ್ಮೆ ನೋಡಬೇಕು ಅನ್ನೋದು ಪದ್ಧತಿ. ತೂಕ ಸಣ್ಣ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ, ಎತ್ತರ ಆರು ತಿಂಗಳಿಗೊಮ್ಮೆ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಲ್ಲೇ ಹಠಾತ್ತಾಗಿ ಹೃದಯದಿಂದ ತೀರಿಹೋಗಿದ್ದರೆ, ಮಗು ಓಡುವಾಗ ಎದೆನೋವು ಅಂದಿದ್ದರೆ, ತಲೆಸುತ್ತಿ ಬಿದ್ದಿದ್ದರೆ ಅದನ್ನ ಡಾಕ್ಟ್ರು ಕೇಳದಿದ್ದರೂ ನೀವೇ ಹೇಳಬೇಕು. ಬೇಕಾದರೆ ಇಸಿಜಿ ಮಾಡಿಸ್ತಾರೆ. ಇಷ್ಟು ಕೇಳಿದರೂ ಬೇಸರ ಮಾಡಿಕೊಳ್ಳೋ ಕಡೆ ಹೋಗೋದಕ್ಕಿಂತ ಬೇರೆಯವರನ್ನ ಹುಡುಕೋದು ಒಳ್ಳೆಯದು ಅಂತ ನನ್ನ ಖಚಿತ ಅಭಿಪ್ರಾಯ.

ಇನ್ನೊಂದು, ಒಂದು ಸಲಕ್ಕೆ ಒಂದೇ ಬದಲಾವಣೆ. ಡೋಸ್ ಬದಲಿಸಿದ ವಾರವೇ ಟ್ಯೂಷನ್ ಹೊಸದು, ಅಜ್ಜಿ ಊರಿಗೆ ಹೋಗಿದ್ದು, ಪರೀಕ್ಷೆ, ಎಲ್ಲ ಸೇರಿದರೆ ಯಾವುದರಿಂದ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ಔಷಧ ಅಂಗಡಿಯವ, ದಾವಣಗೆರೆ
ಸೋಮವಾರ, ಮಧ್ಯಾಹ್ನ 3.10

ಮೆಡಿಕಲ್ ವಿಷಯ ನಾನು ಹೇಳ್ತೀನಿ, ಅಕ್ಕನವರೇ. ಬಹಳ ಜನ "ಸ್ಟಾಕ್ ಇಲ್ಲ" ಅಂದ್ರೆ ನಮ್ಮನ್ನ ಬೈಕೊಂಡು ಹೋಗ್ತಾರೆ, ಕಾರಣ ಗೊತ್ತಿರಲ್ಲ.

ಮಿಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧ, ಅಂದ್ರೆ ಮಾರಾಟಕ್ಕೆ ಬಹಳ ಬಿಗಿ ಇರೋ ಪಟ್ಟಿಯದು. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದೆ. ಸ್ಟ್ರಿಪ್ ಮೇಲೆ ಕೆಂಪಕ್ಷರದಲ್ಲಿ ಗುರುತು ಇರುತ್ತೆ, ನೋಡಿ. ಇದನ್ನ ಮಾರೋಕೆ ಸಾಮಾನ್ಯ ಲೈಸೆನ್ಸ್ ಸಾಲದು, ನಮೂನೆ 20-ಎಫ್ ಅಂತ ಬೇರೆಯೇ ಲೈಸೆನ್ಸ್ ಬೇಕು. ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು, ರಿಜಿಸ್ಟರ್ ಬರೀಬೇಕು. ಡಾಕ್ಟ್ರ ಚೀಟಿ ಎರಡು ಪ್ರತಿ ಇರಬೇಕು, ಒಂದನ್ನ ನಾವು ಎರಡು ವರ್ಷ ಇಟ್ಕೊಳ್ಳಬೇಕು. ಇಷ್ಟು ರಗಳೆ ಯಾಕೆ ಅಂತ ಎಷ್ಟೋ ಅಂಗಡಿಯವರು ಆ ಲೈಸೆನ್ಸೇ ತಗೊಳ್ಳಲ್ಲ. ಹಾಗಾಗಿ ಮನೆ ಪಕ್ಕದಲ್ಲಿ ಹುಡುಕಬೇಡಿ. ನಿಮ್ಮ ಡಾಕ್ಟ್ರ ಕ್ಲಿನಿಕ್‌ನಲ್ಲೇ ಕೇಳಿ, ಅವರು ಬರೆಯೋ ಮಾತ್ರೆ ಯಾವ ಅಂಗಡಿಯವರು ತರಿಸ್ತಾರೆ ಅಂತ ಅವರಿಗೆ ಗೊತ್ತಿರುತ್ತೆ. ದೊಡ್ಡ ಆಸ್ಪತ್ರೆಗಳ ಒಳಗಿನ ಫಾರ್ಮಸಿಗಳಲ್ಲೂ ವಿಚಾರಿಸಿ.

ಎರಡನೇದು, ಒಂದು ಚೀಟಿಗೆ ಒಂದೇ ಸಲ ಮಾತ್ರೆ. ಮತ್ತೆ ಕೊಡಬಹುದು ಅಂತ ಡಾಕ್ಟ್ರು ಚೀಟಿಯಲ್ಲೇ ಬರೆದಿದ್ದರೆ ಮಾತ್ರ ಅದೇ ಚೀಟಿಗೆ ಇನ್ನೊಮ್ಮೆ ಕೊಡ್ತೀವಿ. ಹಳೇ ಚೀಟಿಯ ಫೋಟೋ ವಾಟ್ಸ್ಆಪ್ ಮಾಡಿ "ಕೊಟ್ಟು ಕಳಿಸಿ" ಅಂದ್ರೆ ಆಗಲ್ಲ, ದಯವಿಟ್ಟು ಒತ್ತಾಯ ಮಾಡಬೇಡಿ.

ಮೂರನೇದು ಎಲ್ಲಕ್ಕಿಂತ ಮುಖ್ಯ. ಇನ್‌ಸ್ಪಿರಲ್, ಆಡ್‌ವೈಜ್ ಹೀಗೆ ಹೆಸರು ಬೇರೆ ಬೇರೆ, ಒಳಗಿರೋದು ಮಿಥೈಲ್‌ಫೆನಿಡೇಟೇ. ಸಾದಾ ಮಾತ್ರೆಯಲ್ಲಿ ಹೆಸರು ಬದಲಾದರೆ ಅಷ್ಟು ತೊಂದರೆ ಇಲ್ಲ. ನಿಧಾನವಾಗಿ ಬಿಡೋ ಮಾತ್ರೆಯಲ್ಲಿ ಹಾಗಲ್ಲ. ಒಂದು ಬಗೆ ಆರರಿಂದ ಎಂಟು ಗಂಟೆ ಬರುತ್ತೆ, ಇನ್ನೊಂದು ಹತ್ತರಿಂದ ಹನ್ನೆರಡು. "18 ಇಲ್ಲ, 20 ಇದೆ, ಹತ್ರ ಹತ್ರ ಒಂದೇ" ಅಂತ ಯಾರಾದರೂ ಕೊಟ್ಟರೆ ತಗೊಳ್ಳಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ. ಬಿಡುವ ರೀತಿಯೇ ಬೇರೆ ಇರುತ್ತೆ.

ಜಗಳೂರಿನವ
ಸೋಮವಾರ, ರಾತ್ರಿ 8.50

ಎಲ್ಲಾರೂ ಓದಿದೋರೇ ಇದೀರ, ಒಂದು ಮಾತು ಕೇಳ್ತೀನಿ ತಪ್ಪು ತಿಳ್ಕಬೇಡ್ರಿ. ಹುಡ್ರು ಅಂದ ಮೇಲೆ ಓಡಾಡ್ತಾವೆ, ಒಂದು ಕಡೆ ಕೂರಲ್ಲ. ಬೀಗ ಹಾಕಿಡೋ ಅಂಥ ಮಾತ್ರೆ ಮಕ್ಕಳಿಗೆ ಯಾಕೆ? ನಾಳೆ ಅದಕ್ಕೇ ಹೊಂದ್ಕಂಡು ಬಿಟ್ರೆ? ನನ್ನ ತಮ್ಮನ ಮಗನಿಗೂ ಇದೇ ಬರೆದಾರೆ, ಕೊಡಾಕೆ ಮನೇರು ಒಪ್ತಿಲ್ಲ.

ಕೋಟೆ ಊರಿನ ಮೇಷ್ಟ್ರು, ಚಿತ್ರದುರ್ಗ
ಸೋಮವಾರ, ರಾತ್ರಿ 10.15

ಒಳ್ಳೇ ಪ್ರಶ್ನೆ ಕೇಳಿದ್ರಿ ಸ್ವಾಮಿ, ತಪ್ಪೇನಿಲ್ಲ. ಹೈಸ್ಕೂಲಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ಈಗ ಮೊಮ್ಮಗನಿಗೆ ಇದೇ ಔಷಧ ನಡೀತಾ ಐತೆ.

ಓಡಾಡೋ ಮಕ್ಕಳಿಗೆಲ್ಲ ಈ ಹೆಸರು ಇಡಲ್ಲ. ಹನ್ನೆರಡು ವರ್ಷದೊಳಗೇ ಲಕ್ಷಣ ಕಂಡಿರಬೇಕು, ಆರು ತಿಂಗಳಾದರೂ ಇರಬೇಕು, ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಇರಬೇಕು, ಅದರಿಂದ ಮಗುವಿನ ಬದುಕಿಗೆ ನಿಜವಾಗಿ ಅಡ್ಡಿ ಆಗ್ತಿರಬೇಕು. ಬರೀ ಶಾಲೆಯಲ್ಲಿ ಮಾತ್ರ ತೊಂದರೆ ಅಂದ್ರೆ ಕಣ್ಣು, ಕಿವಿ, ಕಲಿಕೆಯ ತೊಡಕು, ಮೇಷ್ಟ್ರ ಭಯ, ಬೇರೆ ಕಾರಣ ಹುಡುಕಬೇಕು. ಆರು ವರ್ಷದ ಒಳಗಿನ ಮಕ್ಕಳಿಗೆ ಮೊದಲು ಮಾತ್ರೆಯಲ್ಲ, ತಂದೆತಾಯಿಗೆ ತರಬೇತಿ. ನಿಮ್ಮ ತಮ್ಮನ ಮಗನಿಗೆ ಇಷ್ಟೆಲ್ಲ ವಿಚಾರಿಸಿ, ಶಾಲೆಗೂ ಪ್ರಶ್ನೆಪಟ್ಟಿ ಕೊಟ್ಟು ತುಂಬಿಸಿಕೊಂಡು ಬರೆದಿದ್ದಾರಾ ಅಂತ ಕೇಳಿ. ಹತ್ತು ನಿಮಿಷ ನೋಡಿ ಬರೆದಿದ್ದರೆ ಇನ್ನೊಬ್ಬರ ಅಭಿಪ್ರಾಯ ತಗೊಳ್ಳೋದು ನಿಮ್ಮ ಹಕ್ಕು.

ಬೀಗ ಹಾಕಿಡೋದು ಬೇರೆಯವರು ದುರುಪಯೋಗ ಮಾಡ್ಕಬಾರದು ಅಂತ. ಡಾಕ್ಟ್ರು ಹೇಳಿದ ಪ್ರಮಾಣದಲ್ಲಿ ನುಂಗೋ ಮಗು ಅದರಿಂದ ಮುಂದೆ ಚಟಕ್ಕೆ ಬೀಳ್ತದೆ ಅನ್ನೋಕೆ ಆಧಾರ ಇಲ್ಲ. ಆದ್ರೆ ಮನೆಯಲ್ಲೂ ಮಾತ್ರೆ ದೊಡ್ಡವರ ಕೈಲೇ ಇರಬೇಕು, ಅದು ಖಂಡಿತ.

ನನ್ನ ಕ್ಲಾಸಿನ ಕೊನೇ ಬೆಂಚಲ್ಲಿ ಇಂಥ ಹುಡುಗರು ಪ್ರತಿ ವರ್ಷ ಇರ್ತಿದ್ರು. ಬಾಯಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು, ಬರೆಯೋಕೆ ಕೂರಿಸಿದ್ರೆ ಪುಟ ಖಾಲಿ. ಎಸ್ಸೆಸ್ಸೆಲ್ಸಿ ಕಟ್ಟೆ ಹತ್ತದೆ ಗ್ಯಾರೇಜು, ಹೋಟ್ಲು ಸೇರಿಕೊಂಡ್ರು. ದಡ್ಡರು ಅಂತ ನಾವೇ ಹಣೆಪಟ್ಟಿ ಹಚ್ಚಿ ಕಳಿಸಿದ್ವಿ. ಆಗ ಈ ಊರಲ್ಲಿ ಇದನ್ನ ಗುರುತಿಸೋರು ಇದ್ದಿದ್ದರೆ ಅಂತ ಈಗ್ಲೂ ಸಂಕಟ ಆಗ್ತದೆ.

ಜಗಳೂರಿನವ
ಸೋಮವಾರ, ರಾತ್ರಿ 10.40

ಸರಿ ಸಾರ್. ಶಾಲೆಗೆ ಪ್ರಶ್ನೆಪಟ್ಟಿ ಕೊಟ್ಟಿಲ್ಲ ಅನ್ಸುತ್ತೆ, ಕೇಳ್ತೀನಿ. ಖಾಸಗಿಗೆ ಪದೇ ಪದೇ ಫೀಸು ಕೊಡೋ ಶಕ್ತಿ ಅವರಿಗಿಲ್ಲ, ಬೇರೆ ದಾರಿ ಐತಾ?

ಕೋಟೆ ಊರಿನ ಮೇಷ್ಟ್ರು, ಚಿತ್ರದುರ್ಗ
ಮಂಗಳವಾರ, ಬೆಳಿಗ್ಗೆ 7.00

ಐತೆ. ದಾವಣಗೆರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗಕ್ಕೆ ಹೋಗಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ವ್ಯವಸ್ಥೆ ಮಾಡಿದ್ದಾರೆ, ಜಗಳೂರು ಆಸ್ಪತ್ರೆಯಲ್ಲಿ ವಿಚಾರಿಸಿ. ಸುಮ್ಮನೆ ಮಾತಾಡಿ ತಿಳ್ಕಬೇಕು ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ನಿಟ್ಟುವಳ್ಳಿ
ಮಂಗಳವಾರ, ಬೆಳಿಗ್ಗೆ 9.25

ಮಗಳನ್ನ ಬೆಂಗಳೂರಲ್ಲಿ ಖಾಸಗಿಯಾಗಿ ತೋರಿಸಿದ್ವಿ. ಪ್ರತಿ ಸಲ ಡೋಸ್ ಬದಲಿಸೋಕೆ 260 ಕಿ.ಮೀ. ಹೋಗಿ ಬರೋದು ಕಷ್ಟ, ಅವಳ ಸ್ಕೂಲೂ ತಪ್ಪುತ್ತೆ. ವಿಡಿಯೋ ಕಾಲ್‌ನಲ್ಲೇ ಬರೆಸಿಕೊಳ್ಳಬಹುದಾ?

ಔಷಧ ಅಂಗಡಿಯವ, ದಾವಣಗೆರೆ
ಮಂಗಳವಾರ, ಬೆಳಿಗ್ಗೆ 10.40

ಮಿಥೈಲ್‌ಫೆನಿಡೇಟ್ ಆದ್ರೆ ಆಗಲ್ಲ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಶೆಡ್ಯೂಲ್ ಎಕ್ಸ್ ಔಷಧಗಳನ್ನ ದೂರದಿಂದ ಬರೆಯೋ ಹಾಗಿಲ್ಲ ಅಂತ ಸ್ಪಷ್ಟವಾಗಿದೆ. ವಿಡಿಯೋದಲ್ಲಿ ಮಾತಾಡಬಹುದು, ಸಲಹೆ ತಗೋಬಹುದು. ಈ ಮಾತ್ರೆಯ ಚೀಟಿ ಮಾತ್ರ ಎದುರಿಗೆ ಹೋಗಿಯೇ ಆಗಬೇಕು. ಎಡಿಎಚ್‌ಡಿಗೇ ಕೊಡೋ ಇನ್ನೊಂದು ಔಷಧ ಅಟೊಮಾಕ್ಸೆಟಿನ್ ಆ ಪಟ್ಟಿಯಲ್ಲಿಲ್ಲ.

ಹದಡಿ ರಸ್ತೆ ಅಕ್ಕ, ದಾವಣಗೆರೆ
ಮಂಗಳವಾರ, ಮಧ್ಯಾಹ್ನ 1.15

ನಿಟ್ಟುವಳ್ಳಿಯವರೇ, ಬೆಂಗಳೂರಿನವರ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ: ರೋಗನಿರ್ಣಯ ಹೇಗೆ ಮಾಡಿದರು, ಯಾವ ಔಷಧ, ಎಷ್ಟರಿಂದ ಶುರು, ಈಗೆಷ್ಟು, ಏನು ಅಡ್ಡಪರಿಣಾಮ ಕಂಡಿತ್ತು, ಬಿಪಿ-ತೂಕ ಎಷ್ಟಿತ್ತು, ಮುಂದಿನ ಯೋಚನೆ ಏನು. ಅದನ್ನ ಇಲ್ಲಿನ ಮನೋವೈದ್ಯರಿಗೆ ಕೊಟ್ಟು "ಇಲ್ಲೇ ಮುಂದುವರಿಸ್ತೀರಾ" ಅಂತ ಕೇಳಿ. ನಾವು ನಿಮ್ಹಾನ್ಸ್‌ನಿಂದ ಹೀಗೇ ಊರಿಗೆ ಬದಲಿಸಿಕೊಂಡದ್ದು. ಪತ್ರ ಇಲ್ಲದೆ ಹೋದರೆ ಹೊಸಬರು ಮೊದಲಿಂದ ಶುರು ಮಾಡ್ತಾರೆ, ಅವರನ್ನ ದೂರೋಕಾಗಲ್ಲ.

ಆಡಿಟ್ ಆಫೀಸಿನವ, ಚಿತ್ರದುರ್ಗ
ಮಂಗಳವಾರ, ರಾತ್ರಿ 9.30

ಮಕ್ಕಳದ್ದೇ ಮಾತು ನಡೀತಿದೆ, ದೊಡ್ಡವರ ಕಡೆಯಿಂದ ಒಂದೆರಡು ಮಾತು ಸೇರಿಸ್ತೀನಿ. ನನಗೆ 34. ಜಿಎಸ್‌ಟಿ ರಿಟರ್ನ್ ಕೆಲಸ, ತಿಂಗಳ 11 ಮತ್ತು 20ನೇ ತಾರೀಕು ಬಂತಂದ್ರೆ ಎದೆ ಡವಡವ ಅಂತಿತ್ತು. ಮದುವೆಯಾದ ಮೇಲೆ ಹೆಂಡತಿಯೇ ಕರ್ಕೊಂಡು ಹೋಗಿ ದಾವಣಗೆರೆಯಲ್ಲಿ ತೋರಿಸಿದ್ಲು. ನನಗೆ ಬರೆದದ್ದು ಅಟೊಮಾಕ್ಸೆಟಿನ್.

ಇದರ ಲೆಕ್ಕವೇ ಬೇರೆ. ಮಿಥೈಲ್‌ಫೆನಿಡೇಟ್ ಹಾಗೆ ಅವತ್ತೇ ಗೊತ್ತಾಗಲ್ಲ. ನಾಲ್ಕರಿಂದ ಆರು ವಾರ ಕಾಯಬೇಕು, ಪೂರ್ತಿ ಫಲಕ್ಕೆ ಕೆಲವರಿಗೆ ಇನ್ನೂ ಹೆಚ್ಚು. ದಿನಾ ತಗೊಳ್ಳಬೇಕು, ಭಾನುವಾರ ಬಿಡ್ತೀನಿ ಅನ್ನೋ ಹಾಗಿಲ್ಲ. ದೊಡ್ಡವರಿಗೆ ಸಾಮಾನ್ಯವಾಗಿ 40 ಮಿ.ಗ್ರಾಂನಿಂದ ಶುರು ಮಾಡಿ 80ಕ್ಕೆ ಏರಿಸ್ತಾರೆ, 100ರ ಮೇಲೆ ಹೋಗಲ್ಲ. ನನ್ನ ಡಾಕ್ಟ್ರು ಇನ್ನೂ ನಿಧಾನವಾಗಿ, 25ರಿಂದ ಏರಿಸಿದ್ರು. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸೋದು, ಬಾಯಿ ಒಣಗೋದು ಇತ್ತು. ಖಾಲಿ ಹೊಟ್ಟೆಗೆ ಬಿಟ್ಟು, ಮುದ್ದೆ ಊಟದ ಮೇಲೆ ತಗೊಳ್ಳೋಕೆ ಶುರು ಮಾಡಿದ ಮೇಲೆ ಹಿಡಿತಕ್ಕೆ ಬಂತು. ಗಂಡಸರಿಗೆ ಮೂತ್ರ ಹೋಗೋಕೆ ತಡವಾಗೋದೂ ಉಂಟು, ನಾಚಿಕೊಂಡು ಮುಚ್ಚಿಡಬೇಡಿ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಸುರಿಬಾರದು, ಕಣ್ಣಿಗೆ ತಾಗಿದ್ರೆ ಉರಿಯುತ್ತೆ.

ಖಾಸಗಿಯಲ್ಲಿ ತೋರಿಸೋರಿಗೆ ಒಂದು ವಿಷಯ ಬಹಳ ಮುಖ್ಯ. ನಮ್ಮ ಚೀಟಿಗಳು ಎಲ್ಲೆಲ್ಲೋ ಇರ್ತವೆ, ಒಬ್ಬ ಡಾಕ್ಟ್ರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ. ಫ್ಲುಯಾಕ್ಸೆಟಿನ್, ಪರಾಕ್ಸೆಟಿನ್ ಥರದ ಖಿನ್ನತೆ ಮಾತ್ರೆ ಜೊತೆಗಿದ್ದರೆ ಅಟೊಮಾಕ್ಸೆಟಿನ್ ಮೈಯಲ್ಲಿ ಜಾಸ್ತಿ ಉಳಿಯುತ್ತೆ, ಡೋಸ್ ಬೇರೆಯಾಗಬೇಕು. ಬಿಪಿ ಮಾತ್ರೆ, ಅಸ್ತಮಾ ಔಷಧ ಏನೇ ಇದ್ರೂ ಎಲ್ಲಾ ಚೀಟಿ ಒಂದೇ ಫೈಲಲ್ಲಿ ಇಟ್ಕೊಂಡು ಹೋಗಿ. ಮಕ್ಕಳಿಗೆ, ಹದಿಹರೆಯದವರಿಗೆ ಅಟೊಮಾಕ್ಸೆಟಿನ್ ಶುರು ಮಾಡಿದಾಗ ಅಥವಾ ಡೋಸ್ ಬದಲಿಸಿದಾಗ ಮನಸ್ಸು ಕುಗ್ಗೋದು, ಸಾಯೋ ಮಾತು ಬರೋದು ಅಪರೂಪಕ್ಕೆ ಆಗುತ್ತೆ. ಹಾಗೇನಾದ್ರೂ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಹೋಗಿ.

ಇನ್ಶೂರೆನ್ಸ್ ಬಗ್ಗೆ ಯಾರಾದ್ರೂ ಕೇಳೋ ಮೊದಲೇ ಹೇಳ್ತೀನಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಬೇರೆ ಕಾಯಿಲೆಗಳ ಹಾಗೇ ಇದಕ್ಕೂ ವಿಮೆ ಕೊಡಬೇಕು. ಆದ್ರೆ ನಮ್ಮದು ಬರೀ ಕ್ಲಿನಿಕ್‌ಗೆ ಹೋಗಿ ಬರೋ ಖರ್ಚು. ಅಡ್ಮಿಟ್ ಆಗದ ಖರ್ಚನ್ನ ಸಾಮಾನ್ಯ ಪಾಲಿಸಿಗಳು ಕೊಡಲ್ಲ. ಪಾಲಿಸಿಯಲ್ಲಿ ಒಪಿಡಿ ಸೇರಿದೆಯಾ ನೋಡಿಕೊಳ್ಳಿ.

ಹೊಳಲ್ಕೆರೆ ಅಮ್ಮ
ಬುಧವಾರ, ಬೆಳಿಗ್ಗೆ 10.00

ಮಗಳು ಗಲಾಟೆ ಮಾಡಲ್ಲ, ಸುಮ್ನೆ ಕಿಟಕಿ ಕಡೆ ನೋಡ್ತಾ ಕೂತಿರ್ತಾಳೆ. ಅವಳಿಗೂ ಇದೇ ಅಂತ ಹೇಳಿದ್ರು. ಗಲಾಟೆಯೇ ಇಲ್ಲ ಅಂದ್ಮೇಲೆ ಮಾತ್ರೆ ಕೆಲಸ ಮಾಡ್ತಿದೆ ಅಂತ ಹೆಂಗೆ ತಿಳ್ಕಳ್ಳೋದು?

ಹದಡಿ ರಸ್ತೆ ಅಕ್ಕ, ದಾವಣಗೆರೆ
ಬುಧವಾರ, ಬೆಳಿಗ್ಗೆ 11.10

ನನ್ನ ಮಗಳೂ ಹೆಚ್ಚು ಕಡಿಮೆ ಹಾಗೇ. ಗಲಾಟೆ ಅಳೆಯಬೇಡಿ, ಕೆಲಸ ಅಳೆಯಿರಿ. ಒಂದು ಪುಟ ಲೆಕ್ಕಕ್ಕೆ ಎಷ್ಟು ಹೊತ್ತು, ನಡುವೆ ಎಷ್ಟು ಸಲ ಎಬ್ಬಿಸಿ ಕೂರಿಸಬೇಕಾಯ್ತು, ನೀರಿನ ಬಾಟ್ಲಿ ಮರೆತು ಬಂದಳಾ, ಹೇಳಿದ ಎರಡು ಕೆಲಸದಲ್ಲಿ ಎರಡನೇದು ನೆನಪಿತ್ತಾ. ಇಂಥ ಹೆಣ್ಣುಮಕ್ಕಳಲ್ಲಿ ಡೋಸ್ ಜಾಸ್ತಿಯಾದದ್ದು ಗೊತ್ತಾಗೋದೇ ಇಲ್ಲ, ಮೊದಲೂ ಮೌನ, ಆಮೇಲೂ ಮೌನ. ಅದಕ್ಕೆ ಅವಳನ್ನೇ ಕೂರಿಸಿ ಕೇಳಿ. "ಮಾತ್ರೆ ತಗೊಂಡಾಗ ಹೇಗನಿಸುತ್ತೆ ಪುಟ್ಟಿ" ಅಂದ್ರೆ ಮಕ್ಕಳು ಬಹಳ ಸ್ಪಷ್ಟವಾಗಿ ಹೇಳ್ತಾರೆ. ನನ್ನವಳು ಒಂದು ಹಂತದಲ್ಲಿ "ನಗು ಬರಲ್ಲ ಅಮ್ಮ" ಅಂದಿದ್ದಳು. ಡಾಕ್ಟ್ರು ಆ ಒಂದು ಮಾತಿಗೆ ಡೋಸ್ ಇಳಿಸಿದರು.

ವಿದ್ಯಾನಗರದ ಅಮ್ಮ, ದಾವಣಗೆರೆ
ಮುಂದಿನ ಶುಕ್ರವಾರ, ರಾತ್ರಿ 9.15

ಎಲ್ಲರಿಗೂ ಕೈಮುಗಿದು ಹೇಳ್ತೀನಿ, ಈ ಮಾತುಗಳಿಂದ ತುಂಬಾ ಉಪಕಾರ ಆಯ್ತು.

ವಾರದ ಹಾಳೆ ಬರೆದುಕೊಂಡು ಹೋದೆ. ಕ್ಲಾಸ್ ಟೀಚರ್ ಮೂರು ಸಾಲು ಬರೆದುಕೊಟ್ಟಿದ್ದರು: ಹತ್ತಕ್ಕೆ ಚೆನ್ನಾಗಿ ಉತ್ತರ ಹೇಳ್ತಾನೆ, ಮಂಕಾಗಿರಲ್ಲ, ಹನ್ನೆರಡಾದ ಮೇಲೆ ಕೈಕಾಲು ನಿಲ್ಲಲ್ಲ. ಡಾಕ್ಟ್ರು ಓದಿ, ಬಿಪಿ, ನಾಡಿ, ತೂಕ ನೋಡಿ, ಅದೇ 18 ಮತ್ತೆ ಎರಡು ಪ್ರತಿಯಲ್ಲಿ ಬರೆದರು. ಈ ಸಲ ಯಾಕೆ ಅಂತಲೂ ಹೇಳಿದರು, ಅಕ್ಕ ಹೇಳಿದ್ದೇ. ಅತ್ತೆಯನ್ನೂ ಕರ್ಕೊಂಡು ಹೋಗಿದ್ದೆ. ಸಾದಾ 5ರ ಲೆಕ್ಕ ಅವರ ಬಾಯಿಂದಲೇ ಕೇಳಿದ ಮೇಲೆ ಅತ್ತೆಗೆ ಸಮಾಧಾನ ಆಯ್ತು. ಮಾತ್ರೆ ಕ್ಲಿನಿಕ್‌ನವರು ಹೇಳಿದ ಅಂಗಡಿಯಲ್ಲಿ ಸಿಕ್ಕಿತು.

ಕಷ್ಟ ಆದದ್ದು ನುಂಗಿಸೋದು. ಇಲ್ಲಿವರೆಗೆ ಮಾತ್ರೆ ಪುಡಿ ಮಾಡಿ ಜೇನಲ್ಲಿ ಕೊಡ್ತಿದ್ವಿ, ಇದನ್ನ ಹಾಗೆ ಮಾಡೋ ಹಾಗಿಲ್ಲ. ಡಾಕ್ಟ್ರು ಹೇಳಿದ ಹಾಗೆ ಸಂಜೆ ಹೊತ್ತು ಜೀರಿಗೆ ಪೆಪ್ಪರ್‌ಮೆಂಟ್ ಹಿಡಿದು ಅಭ್ಯಾಸ ಮಾಡಿಸಿದೆ. ಮೊದಲು ಚಿಕ್ಕ ಕಾಳು, ಆಮೇಲೆ ದೊಡ್ಡದು, ನಾಲಿಗೆ ಮೇಲೆ ಇಟ್ಟು ಒಂದು ಗುಟುಕು ನೀರು. ಈಗ ಅವನೇ "ನೋಡಮ್ಮ" ಅಂತ ಬಾಯಿ ತೆರೆದು ತೋರಿಸ್ತಾನೆ.

ಬೆಳಗಿನ ಮೊದಲ ಪೀರಿಯಡ್ ಸ್ವಲ್ಪ ಸಡಿಲ ಆಗಿದೆ. ಸಮಾಜ ನೋಟ್ಸ್ ಮುಕ್ಕಾಲು ಪುಟ ಬಂದಿದೆ. ಡಬ್ಬಿ ಇನ್ನೂ ಅರ್ಧ ವಾಪಸ್. ರಾತ್ರಿ ಒಂಬತ್ತಕ್ಕೆ ಮಲಗ್ತಿದ್ದವನು ಈಗ ಹತ್ತು ದಾಟಿಸ್ತಾನೆ. ಬರೆದಿಟ್ಟಿದ್ದೀನಿ. ದಸರಾ ರಜೆಯಲ್ಲಿ ಕೊಡಬೇಕಾ ಬೇಡ್ವಾ ಅಂತ ಕೇಳೋದು ಮರೆತೆ.

ಹದಡಿ ರಸ್ತೆ ಅಕ್ಕ, ದಾವಣಗೆರೆ
ಶುಕ್ರವಾರ, ರಾತ್ರಿ 10.00

ಬಹಳ ಸಂತೋಷ ಆಯ್ತು ತಂಗಿ.

ನಿದ್ದೆಗೆ, ಮಾತ್ರೆ ಏಳೂಕಾಲಿಗೇ ಕೊಡಬಹುದಾ ಅಂತ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿ. ಮೊದಲು ತಿಂಡಿ, ಆಮೇಲೆ ಮಾತ್ರೆ. ಹಸಿವು ಇರೋ ಹೊತ್ತಲ್ಲಿ ಗಟ್ಟಿಯಾದದ್ದು ಹೋಗಲಿ, ಬೆಣ್ಣೆ ಹಾಕಿದ ದೋಸೆ, ಶೇಂಗಾ ಚಟ್ನಿ, ಹಾಲು. ಡಬ್ಬಿಗೆ ಸ್ವಲ್ಪವೇ ಹಾಕಿ, ರಾತ್ರಿ ಎಂಟಕ್ಕೆ ಇನ್ನೊಂದು ಊಟ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ನೋಡಿ. ನಿಮ್ಮದು ಹೊರಚಿಪ್ಪು ಕರಗದ ಬಗೆಯ ಮಾತ್ರೆಯಾದರೆ ಅದು ಮಲದಲ್ಲಿ ಹಾಗೇ ಬರುತ್ತೆ. ನೋಡಿ ಗಾಬರಿ ಆಗಬೇಡಿ, ಔಷಧ ಒಳಗೆ ಹೋಗಿರುತ್ತೆ.

ರಜೆಯಲ್ಲಿ ಈ ಮಾತ್ರೆಯನ್ನ ಕೆಲವರಿಗೆ ಡಾಕ್ಟ್ರು ನಿಲ್ಲಿಸಿ ನೋಡ್ತಾರೆ, ಊಟ-ತೂಕ ಸುಧಾರಿಸಲಿ ಅಂತ. ಕೆಲವು ಮಕ್ಕಳಿಗೆ ರಜೆಯಲ್ಲೂ ಬೇಕಾಗುತ್ತೆ, ರಸ್ತೆ ದಾಟುವಾಗ ಗಮನ ಇಲ್ಲದವರು, ಜಗಳಕ್ಕೆ ಬೀಳೋರು. ಡೋಸ್ ಇನ್ನೂ ಹೊಂದಿಸ್ತಿರೋ ಹೊತ್ತಲ್ಲಿ ನಿಲ್ಲಿಸಿದರೆ ಲೆಕ್ಕ ತಪ್ಪಬಹುದು, ಅದಕ್ಕೇ ಅದೇ ಫೋನಲ್ಲೇ ಇದನ್ನೂ ಕೇಳಿಬಿಡಿ.

ಔಷಧ ಅಂಗಡಿಯವ, ದಾವಣಗೆರೆ
ಶನಿವಾರ, ಬೆಳಿಗ್ಗೆ 9.05

ಹಬ್ಬದ ಮುಂಚೆ ತರಿಸೋರು ಕೊನೇ ಸ್ಟ್ರಿಪ್ ಮುಗಿಯೋವರೆಗೆ ಕಾಯಬೇಡಿ. ಒಂದು ವಾರದ ಮಾತ್ರೆ ಕೈಯಲ್ಲಿರುವಾಗಲೇ ಚೀಟಿ ತಂದು ಹೇಳಿಟ್ಟರೆ ತರಿಸಿಡಬಹುದು. ಅಜ್ಜಿ ಊರಿಗೆ ಹೋಗೋದಾದರೆ ಮಾತ್ರೆಯನ್ನ ಸ್ಟ್ರಿಪ್‌ನಲ್ಲೇ ಒಯ್ಯಿರಿ, ಡಬ್ಬಿಗೆ ಸುರಿಬೇಡಿ, ಜೊತೆಗೆ ಚೀಟಿಯ ನಿಮ್ಮ ಪ್ರತಿ ಇರಲಿ.